ಕೈ ಆಡಿಸುವವನ ಜೊತೆ ಮೊಳಕಾಲ್ಮೂರಿಗೆ

ಬೆಳಿಗ್ಗೆ ಎಂಟೂಕಾಲಿಗೆ ಚಳ್ಳಕೆರೆಯಿಂದ ಮೊಳಕಾಲ್ಮೂರಿನ ಬಸ್ಸು ಹೊರಟಿತು. ಟಿಕೆಟ್ಟು ತಲಾ ಹದಿನೆಂಟು ರೂಪಾಯಿ, ದಾರಿ ಐವತ್ತು ಚಿಲ್ಲರೆ ಕಿಲೋಮೀಟರು. ರುದ್ರಮುನಿ ಕಿಟಕಿಯ ಪಕ್ಕ ಕೂತ. ಲೋಕದಲ್ಲಿ ಒಳ್ಳೆಯ ಸೀಟುಗಳೆಲ್ಲ ಅವನಿಗೇ ಸಿಗುತ್ತವೆ, ಇದೂ ಸಿಗಲಿ ಎಂದು ನಾನು ಈಚೆ ಕೂತೆ.

ನಾವಿಬ್ಬರೂ ಕೊಂಡ್ಲಹಳ್ಳಿಯವರು. ಹೈಸ್ಕೂಲಿಗೆಂದು ಮೊಳಕಾಲ್ಮೂರಿನಲ್ಲಿದ್ದಾಗ ಮಗ್ಗದ ಪಾಪಯ್ಯ ಮೇಷ್ಟ್ರ ಹತ್ತಿರ ಕ್ಲಾರಿನೆಟ್ ಕಲಿತೆವು. ಆಮೇಲೆ ಒಟ್ಟಿಗೇ ಸೇನೆಯ ಬ್ಯಾಂಡು ಸೇರಿದೆವು. ಅಲ್ಲಿಂದ ಒಬ್ಬನನ್ನು ಬ್ಯಾಂಡು ನಡೆಸುವ ತರಬೇತಿಗೆ ವಿಲಾಯತಿಗೆ ಕಳಿಸಿದರು. ಹೋದವನು ರುದ್ರಮುನಿ. ಈಗ ಅವನು ಯೂರೋಪು, ಜಪಾನುಗಳಲ್ಲಿ ದೊಡ್ಡ ದೊಡ್ಡ ವಾದ್ಯವೃಂದಗಳನ್ನು ನಡೆಸುತ್ತಾನೆ. ಮುನ್ನೂರು ವರ್ಷದ ಹಿಂದಿನ ಸಂಗೀತವನ್ನು ಹಳೆಯ ಹಸ್ತಪ್ರತಿ ನೋಡಿ, ಕುರಿ ಕರುಳಿನ ತಂತಿ ಕಟ್ಟಿದ ಆ ಕಾಲದ ವಾದ್ಯಗಳಲ್ಲೇ ನುಡಿಸುವುದರಲ್ಲಿ ಎತ್ತಿದ ಕೈಯಂತೆ. ನಾನು ಓಬಳೇಶ, ಚಳ್ಳಕೆರೆಯಲ್ಲಿ ಮದುವೆ ಬ್ಯಾಂಡ್ ಸೆಟ್ ಇಟ್ಟುಕೊಂಡಿದ್ದೇನೆ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಆಯ್ಕೆಯ ದಿನ ನನಗೆ ವಿಪರೀತ ಜ್ವರ, ಅದಕ್ಕೇ ರುದ್ರ ಹೋದ ಎಂದು ಹೆಂಡತಿಗೂ ಊರಿಗೂ ಮೇಷ್ಟ್ರಿಗೂ ಇಪ್ಪತ್ತನಾಲ್ಕು ವರ್ಷದಿಂದ ಹೇಳುತ್ತ ಬಂದಿದ್ದೇನೆ. ಜ್ವರ ಇರಲಿಲ್ಲ. ಬ್ಯಾಂಡಿನ ಮುಂದೆ ನಿಂತು ಕೋಲು ಎತ್ತಿದೆ, ನಲವತ್ತು ಜನ ನನ್ನನ್ನೇ ನೋಡಿದರು, ಕೈ ನಡುಗಿತು. ಮೂರು ಸಲ ಬ್ಯಾಂಡು ಅರ್ಧಕ್ಕೇ ನಿಂತಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ನಾನು ಜ್ವರ ಎಂದೆ. ಇದು ಗೊತ್ತಿದ್ದವನು ಈ ಸೀಮೆಯವರಲ್ಲಿ ರುದ್ರನೊಬ್ಬನೇ. ಅಷ್ಟು ವರ್ಷ ಊರ ಕಡೆ ತಲೆ ಹಾಕದಿದ್ದವನು ಈಗ ಬಂದು, “ಮೇಷ್ಟ್ರನ್ನ ನೋಡ್ಕಂಡು ಬರಾನ ನಡಿಯಲೇ” ಎಂದಾಗ ಒಬ್ಬನನ್ನೇ ಕಳಿಸುವ ಧೈರ್ಯ ಸಾಲದೆ ಜೊತೆಗೆ ಹೊರಟೆ.

ಪಕ್ಕದ ಸಾಲಿನಲ್ಲಿ ನನ್ನಿವಾಳದ ಅಜ್ಜಿಯೊಬ್ಬಳು ಮಗಳ ಮನೆಗೆ ಹೊರಟಿದ್ದಳು. ರುದ್ರನ ಬೂಟು ನೋಡಿ ನನ್ನನ್ನು ಕೇಳಿದಳು, “ಇವರು ಏನು ಕೆಲ್ಸ ಮಾಡ್ತಾರಪ್ಪಾ?”

“ವಾದ್ಯ ನುಡಿಸೋರ ಮುಂದೆ ನಿಂತ್ಕಂತಾನೆ ಅಜ್ಜಿ.”

“ಏನು ಬಾರಿಸ್ತಾರೆ?”

“ಏನೂ ಬಾರಿಸಲ್ಲ. ಕೈ ಆಡಿಸ್ತಾನೆ.”

“ಕೈ ಆಡ್ಸಕ್ಕೆ ಸಂಬಳ ಕೊಡ್ತಾರಾ?” ಅಜ್ಜಿ ಬಾಯಿ ತೆರೆದಳು. ನನಗೆ ಬಹಳ ಸಂತೋಷವಾಯಿತು. ಆದರೆ ರುದ್ರ ನನಗಿಂತ ಜೋರಾಗಿ ನಕ್ಕುಬಿಟ್ಟ. “ಅದನ್ನೇ ನಮ್ಮವ್ವನೂ ಕೇಳ್ತಿದ್ಲು ಅಜ್ಜಿ” ಎಂದ. ಇಳಿಯುವವರೆಗೂ ಅಜ್ಜಿ ಅವನ ಜೊತೆಯೇ ಮಾತಾಡಿದಳು.

ತಳಕಿನಲ್ಲಿ ಹತ್ತು ನಿಮಿಷ ನಿಂತೆವು. ಮಾಘದಲ್ಲೇ ಬಿಸಿಲು ಚುರುಗುಟ್ಟುತ್ತಿತ್ತು. ಮಂಡಕ್ಕಿ, ಮಿರ್ಚಿ, ಚಹಾ ತೆಗೆದುಕೊಂಡೆವು. ಅವನು ನಾಲ್ಕು ಮಿರ್ಚಿ ತಿಂದು ನೀರೂ ಕುಡಿಯಲಿಲ್ಲ, ನನಗೆ ಒಂದಕ್ಕೇ ಎದೆಯುರಿ. ತಲೆಗೂದಲೂ ಹಾಗೆಯೇ, ನನ್ನದು ಉದುರಿದೆ, ಅವನದು ಬೆಳ್ಳಗಾಗಿ ಇನ್ನಷ್ಟು ಚಂದ ಕಾಣುತ್ತದೆ. ಒಂದೇ ಊರಿನ ನೀರು ಕುಡಿದವರು ನಾವು.

ಕೊಂಡ್ಲಹಳ್ಳಿ ದಾಟಿದ ಮೇಲೆ ಬಂಡೆಗುಡ್ಡಗಳು ಶುರುವಾದವು. ಹತ್ತು ಗಂಟೆಗೆ ಮೊಳಕಾಲ್ಮೂರಿನಲ್ಲಿ ಇಳಿದು ಮೇಷ್ಟ್ರ ಬೀದಿಗೆ ನಡೆದೆವು. ಮನೆಮನೆಯಿಂದಲೂ ಮಗ್ಗದ ಲಟಕು ಲಟಕು. ಎಂಬತ್ತರ ಮೇಷ್ಟ್ರು ಈಗ ಮಗ್ಗದ ಗುಂಡಿಗೆ ಇಳಿಯುವುದಿಲ್ಲ. ಸೊಸೆ ನೇಯುತ್ತಿದ್ದಳು, ಅವರು ಚಾಪೆಯ ಮೇಲೆ ಕೂತು ರೇಷ್ಮೆ ಎಳೆ ಬಿಡಿಸುತ್ತಿದ್ದರು.

“ರಾ ನಾಯನಾ ಓಬಳೇಶಾ” ಎಂದು ತಮ್ಮ ಮನೆಮಾತು ತೆಲುಗಿನಲ್ಲಿ ನನ್ನನ್ನು ಮೊದಲು ಕರೆದರು. ಮರುಗಳಿಗೆಯೇ ಕಣ್ಣು ಕಿರಿದು ಮಾಡಿ, “ಎವರು, ರುದ್ರುಡಾ?” ಎಂದು ಕೈಯಲ್ಲಿದ್ದ ಎಳೆ ಬಿಟ್ಟರು. ಪ್ರತಿ ದೀಪಾವಳಿಗೆ ಹಣ್ಣು ಹಿಡಿದು ಬರುವ ನನಗಾಗಿ ಅವರು ಎಂದೂ ಎಳೆ ಬಿಟ್ಟವರಲ್ಲ.

ಊಟಕ್ಕೆ ರಾಗಿ ಮುದ್ದೆ, ಹುರುಳಿ ಸಾರು. ಕೈ ತೊಳೆದ ಮೇಲೆ ಮೇಷ್ಟ್ರು ಗೋಡೆಯ ಮೇಲಿದ್ದ ಚೀಲದಿಂದ ಕ್ಲಾರಿನೆಟ್ ತೆಗೆಸಿ ರುದ್ರನ ಕಡೆ ಚಾಚಿದರು.

“ನಾನು ಬಾಯಿಗಿಟ್ಟು ಇಪ್ಪತ್ತು ವರ್ಷ ಆತು ಮೇಷ್ಟ್ರೇ. ಇವನೇ ಊದ್ಲಿ.”

ನನಗೆ ಇದೇ ಬೇಕಿತ್ತು. ಮೋಹನ ರಾಗ ಹಿಡಿದೆ. ತಾಳ ಬಿಟ್ಟು ಮುಂದೆ ಓಡುವುದು ನನ್ನ ಹಳೆಯ ಚಾಳಿ, ಮೆರವಣಿಗೆಯಲ್ಲಿ ಕುಣಿಯುವವರು ಬಿಡಬೇಕಲ್ಲ. ಅವತ್ತೂ ಓಡತೊಡಗಿದ್ದೆ. ಎದುರಿಗೆ ಕೂತಿದ್ದ ರುದ್ರ ಮೊಣಕಾಲಿನ ಮೇಲೆ ಎರಡು ಬೆರಳು ಎತ್ತಿದ, ಅಷ್ಟೇ. ನೋಡಬಾರದೆಂದು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಬೆರಳು ಅಲ್ಲೇ ಇತ್ತು, ನಾನು ಅದರ ಹಿಂದೆ ಹೋಗುತ್ತಿದ್ದೆ. ಅವನು ತಡೆದಲ್ಲಿ ಸ್ವರ ನಿಂತಿತು, ಬಿಟ್ಟಲ್ಲಿ ಹರಿಯಿತು. ಸೊಸೆ ಮಗ್ಗ ನಿಲ್ಲಿಸಿದಳು. ಜನ್ಮದಲ್ಲಿ ನಾನು ಅಷ್ಟು ಚೆನ್ನಾಗಿ ಊದಿರಲಿಲ್ಲ, ಮತ್ತು ಊದಿದ್ದು ನಾನೊಬ್ಬನೇ ಅಲ್ಲ ಎಂಬುದು ನನಗೆ ಸರಿಯಾಗಿ ಗೊತ್ತಿತ್ತು.

ಮೇಷ್ಟ್ರು ಕಣ್ಣೊರೆಸಿಕೊಂಡು ನನ್ನ ತಲೆ ಸವರಿದರು. ಆಮೇಲೆ ರುದ್ರನ ಕಡೆ ತಿರುಗಿ, ನಾನು ಹೆದರಿದ್ದನ್ನೇ ಕೇಳಿದರು. “ಅವತ್ತು ಇವನಿಗೆ ಜ್ವರ ಬರದೇ ಇದ್ದಿದ್ರೆ ಇವನೇ ಹೋಗ್ತಿದ್ದ ಅಲ್ವೇನಯ್ಯಾ?”

ನಾನು ಕ್ಲಾರಿನೆಟ್ಟಿನ ಕೊಳವೆಗಳನ್ನು ಬಿಚ್ಚುವ ನೆಪದಲ್ಲಿ ತಲೆ ಬಗ್ಗಿಸಿದೆ.

“ಹೌದು ಮೇಷ್ಟ್ರೇ” ಎಂದ ರುದ್ರ. “ನೂರಾ ಮೂರು ಡಿಗ್ರಿ. ರಾತ್ರಿಯೆಲ್ಲ ನಾನೇ ಹಣೆಗೆ ಒದ್ದೆ ಬಟ್ಟೆ ಹಾಕಿದ್ದೆ.”

ಒದ್ದೆ ಬಟ್ಟೆ ನನಗೇ ಹೊಳೆದಿರಲಿಲ್ಲ. ಅವನು ನನ್ನ ಸುಳ್ಳು ಬಯಲು ಮಾಡಿದ್ದರೆ ಸಾಯುವವರೆಗೂ ನೆಮ್ಮದಿಯಾಗಿ ಅವನನ್ನು ಬೈದುಕೊಂಡಿರಬಹುದಿತ್ತು.

ನಾಲ್ಕು ಗಂಟೆಯ ಬಸ್ಸಿಗೆ ವಾಪಸು ಹೊರಟೆವು. ಮತ್ತೆ ಅವನಿಗೇ ಕಿಟಕಿ. ಬಸ್ಸು ಊರು ಬಿಟ್ಟ ಮೇಲೆ ತಡೆಯಲಾರದೆ ಕೇಳಿದೆ, “ಯಾಕಲೇ ಹಂಗಂದೆ?”

ಅವನು ಹೊರಗೆ ನೋಡುತ್ತಲೇ ಹೇಳಿದ. “ಅವತ್ತು ನೀನು ಕೋಲು ಎತ್ತಿದಾಗ ನಾನು ಹಿಂದಿನ ಸಾಲಿನಾಗೆ ಕೂತಿದ್ದೆ. ಇವನ ಕೈ ಕೆಡ್ಲಪ್ಪಾ ತಿಪ್ಪೇಸ್ವಾಮಿ ಅಂತ ಬೇಡ್ಕಂಡೆ. ಊದೋದ್ರಾಗೆ ನಿನ್ನ ಸಮಕ್ಕೆ ಬರಾಕಾಗಲ್ಲ ಅಂತ ಮೇಷ್ಟ್ರ ಮನ್ಯಾಗೇ ಗೊತ್ತಾಗಿತ್ತು. ಆ ಹೊಟ್ಟೆಕಿಚ್ಚಿಗೇ ಊದೋದು ಬಿಟ್ಟು ಕೋಲು ಹಿಡಿದೆ ಕಣಲೇ.”

ಇಪ್ಪತ್ತನಾಲ್ಕು ವರ್ಷ ಹೊಟ್ಟೆಕಿಚ್ಚುಪಟ್ಟು ನಾನು ಸಂಪಾದಿಸಿದ್ದು ಒಂದು ಜ್ವರದ ಕತೆ. ಅವನು ಅದೇ ಹೊಟ್ಟೆಕಿಚ್ಚು ಕಟ್ಟಿಕೊಂಡು ಲೋಕವನ್ನೇ ಸುತ್ತಿ ಬಂದಿದ್ದ. ಅದರಲ್ಲೂ ಅವನೇ ಮುಂದೆ.