ನಿಟ್ಟಿನ ಮೇಲೆ ಒಂದು ಸೋಮವಾರ

ಮೊದಲ ಮ್ಯಾರಥಾನ್ ಓಡಿದ ಮರುದಿನ, ಸೋಮವಾರ ಹನ್ನೊಂದರ ಹೊತ್ತಿಗೆ, ಹಮಾಲ ಬಂದೇನವಾಜ ಆಳಂದದ ಅಡತಿ ಗೋದಾಮಿನಲ್ಲಿ ತೊಗರಿ ಚೀಲಗಳನ್ನು ಒಂದರ ಮೇಲೊಂದು ಪೇರಿಸಿದ ನಿಟ್ಟಿನ ಮೇಲೆ ಸಿಕ್ಕಿಹಾಕಿಕೊಂಡಿದ್ದ. ಹತ್ತಿದ್ದೇನೋ ಬೆನ್ನ ಮೇಲೆ ಚೀಲ ಹೊತ್ತುಕೊಂಡೇ. ಇಳಿಯಲು ಮಾತ್ರ ತೊಡೆಗಳು ಒಪ್ಪಲಿಲ್ಲ.

ಅವನಿಗೆ ಓಟ ಕಲಿಸಿದ್ದು ಸಕ್ಕರೆ ಕಾರ್ಖಾನೆ. ಮನೆ ಆ ಕಾರ್ಖಾನೆಗೆ ಹೋಗುವ ಭೂಸನೂರ ರಸ್ತೆಯಲ್ಲಿ. ಹಂಗಾಮಿನಲ್ಲಿ ಕಬ್ಬಿನ ಟ್ರಾಲಿಗಳ ನಡುವೆ ಬಸ್ಸು ಸಿಕ್ಕಿಬಿದ್ದರೆ ಇಳಿದು ಆಳಂದಕ್ಕೆ ಓಡಿ ಬರುತ್ತಿದ್ದ. ಎಷ್ಟೋ ಸಲ ಬಸ್ಸಿಗಿಂತ ಮೊದಲೇ ಮುಟ್ಟುತ್ತಿದ್ದ. ಹೀಗೆ ಪುಕ್ಕಟೆ ಓಡುವುದಕ್ಕೆ ಸೊಲ್ಲಾಪುರದಲ್ಲಿ ಪದಕ ಕೊಡುತ್ತಾರೆಂದು ಹೆಂಡತಿ ಜೀನತ ಮೊಬೈಲಿನಲ್ಲಿ ನೋಡಿ ಹೇಳಿದಳು. ಮೂವತ್ತೆಂಟನೆಯ ವಯಸ್ಸಿನಲ್ಲಿ ಹೆಸರು ಬರೆಸಿದ.

ಆದರೆ ಅದು ತೊಗರಿಯ ಸುಗ್ಗಿ. ಟೋಳಿಯಲ್ಲಿ ಚೀಲ ಹೊರುವ ಹಮಾಲರು ಎಂಟು. ಒಬ್ಬ ಕೂತರೆ ಅವನ ಪಾಲಿನ ಚೀಲ ಉಳಿದ ಏಳು ಬೆನ್ನಿಗೆ. ಟೋಳಿ ನಡೆಸುವ ಮುಕಾದಮ ಜಗದೇವ ಮೊದಲೇ ಹೇಳಿದ್ದ: "ಐತವಾರ ಎಲ್ಲಿ ಬೇಕಾದ್ರ ಓಡು. ಸೋಮವಾರ ಚೀಲ ಎತ್ತಬೇಕು."

"ಎತ್ತಲಿಲ್ಲಂದ್ರ ಈ ಜನ್ಮದಾಗ ಮತ್ತ ಓಡಾಂಗಿಲ್ರಿ, ಎಲ್ಲಾರ ಎದುರಿಗೆ ಹೇಳಾಕತ್ತೇನಿ!" ಎಂದುಬಿಟ್ಟಿದ್ದ ಬಂದೇನವಾಜ.

ಬಾಯಿಮಾತಿನ ಮೇಲೆ ಲಾರಿಗಟ್ಟಲೆ ಮಾಲು ಸಾಗುವ ಪೇಟೆಯಲ್ಲಿ ಇಂಥ ಮಾತು ಆಡಬಾರದು.

"ಲೇ ನವಾಜ, ಗೋದಾಮಿನ ಬೆಕ್ಕು ಹೀಂಗ ಏರಿ ಕುಂದರತೈತಿ ನೋಡು," ಕೆಳಗಿನಿಂದ ಜಗದೇವ ಕೂಗಿದ.

"ಚೀಲ ಸಾಲು ತಪ್ಯಾವ್ರಿ, ಸರಿ ಮಾಡಾಕತ್ತೇನಿ."

ಚೀಲ ಸರಿ ಮಾಡುವ ಕೆಲಸ ಅರವತ್ತು ದಾಟಿದ ಸಿದ್ದಲಿಂಗನದು. ಮೊಣಕಾಲು ಕೈಕೊಟ್ಟ ಹಮಾಲನಿಗೆ ಪೇಟೆ ಕೊಡುವ ಬಡ್ತಿ ಅದು. ನಿಟ್ಟಿನ ಮೇಲೇ ಇದ್ದ ಮುದುಕ ಪಕ್ಕಕ್ಕೆ ಸರಿದು ಜಾಗ ಕೊಟ್ಟ. "ನಾ ಮುಂಜಾನೆ ಒಮ್ಮೆ ಏರ್ತೇನಿ, ಸಂಜಿಗಿ ಒಮ್ಮೆ ಇಳೀತೇನಿ. ಇಪ್ಪತ್ತು ವರ್ಷ ಮೊದಲ ಬಂದ್ಯಲ್ಲೋ ತಮ್ಮಾ, ನನ್ನ ನೌಕರಿಗೆ!"

ಇಬ್ಬರೂ ಸೇರಿ ಚೀಲ ಜೋಡಿಸತೊಡಗಿದರು. ಬಂದೇನವಾಜನಿಗೆ ನಿನ್ನೆಯದು ನೆನಪಾಯಿತು. ಮೂವತ್ತು ಕಿಲೋಮೀಟರ್ ತನಕ ಎಲ್ಲವೂ ದಿನದ ಬಸ್ಸಿನ ಪಂದ್ಯದಂತೆಯೇ ಇತ್ತು. ಆಮೇಲೆ ಧೋತರ ಉಟ್ಟ ಮುದುಕನೊಬ್ಬ ಬಾಳೆಹಣ್ಣು ತಿನ್ನುತ್ತ ಅವನನ್ನು ದಾಟಿ ಹೋದ. ಕೊನೆಯ ಗೆರೆ ಮುಟ್ಟಿದಾಗ ಐದು ತಾಸು ಐವತ್ತು ನಿಮಿಷ. ಆಳಂದ ಸ್ಟ್ಯಾಂಡಿನಲ್ಲಿ ಬಸ್ಸಿನಿಂದ ಹಿಮ್ಮುಖವಾಗಿ ಇಳಿದ. ಮನೆಯಲ್ಲಿ ಜೀನತಳಿಗೆ "ಏನೂ ಆಗಿಲ್ಲ" ಎಂದ.

ಹೊರೆ ಹೊರುವ ಕಾಲಿಗೆ ಓಟ ಯಾವ ಲೆಕ್ಕ ಎಂದುಕೊಂಡಿದ್ದ. ಏರುವಾಗ ಬೆನ್ನ ಮೇಲೆ ಚೀಲ ಇರುತ್ತದೆ, ಇಳಿಯುವಾಗ ಬರಿಗೈ. ಇಳಿಯುವುದೂ ಒಂದು ಕೆಲಸ ಎಂದು ಹಮಾಲಿಯ ಹದಿನೆಂಟು ವರ್ಷದಲ್ಲಿ ಅವನಿಗೆ ಹೊಳೆದಿರಲಿಲ್ಲ.

ಮಧ್ಯಾಹ್ನ ರೊಟ್ಟಿ ಗಂಟು ಮೇಲಕ್ಕೇ ಬಂತು. ಚೀಲಗಳೂ ಬರುತ್ತಲೇ ಇದ್ದವು. ಒಂಬತ್ತು ಸಾಲಿದ್ದ ನಿಟ್ಟು ಸಂಜೆಗೆ ಹನ್ನೆರಡಾಯಿತು. ಇಳಿಯುವ ದಾರಿಯನ್ನು ಅವನು ತನ್ನ ಕೈಯಿಂದಲೇ ಉದ್ದ ಮಾಡಿಕೊಂಡಿದ್ದ.

ಕೆಲಸ ಮುಗಿದಾಗ ಟೋಳಿ ಚಹಾ ಹಿಡಿದು ಕೆಳಗೆ ಸಾಲಾಗಿ ನಿಂತಿತು. ಬಂದೇನವಾಜ ಕೂಸಿನಂತೆ ಕುಂಡೆ ಊರಿ, ಒಂದೊಂದೇ ಚೀಲ ಸರಿದು ಇಳಿದ. ಯಾರೋ ಸೀಟಿ ಹೊಡೆದರು. ಅವನು ನಗಲಿಲ್ಲ.

"ಜಗದೇವಣ್ಣ, ಹದಿನೆಂಟು ಚೀಲಕ್ಕ ಕಾಲು ನಿಂತ್ವು. ಸಾಲು ತಪ್ಯಾವು ಅಂದಿದ್ದು ಸುಳ್ಳು. ಮಾತು ಸೋತೇನಿ. ಇನ್ನ ಓಡಾಂಗಿಲ್ಲ."

ಜಗದೇವ ಬಸಿಯಲ್ಲಿದ್ದ ಚಹಾ ಮುಗಿಸಿದ. "ಸೋತಿ, ಖರೆ. ಮುಂಜಾನೇನ ಹೇಳಿದ್ರ ಸಿದ್ದಲಿಂಗನ ಜೋಡಿ ನಿನ್ನ ಮೊದಲ ಏರಸ್ತಿದ್ದೆ. ಇವರಿಗೆ ನೀ ಇಳೀತಿ ಅಂತ ದಿನಪೂರ್ತಿ ದಾರಿ ಕಾಯೂದು ತಪ್ಪತಿತ್ತು. ಮಾತು ಕೊಟ್ಟಿದ್ದು ನನಗ. ತಿರುಗಿ ಕೊಟ್ಟೇನಿ, ತಗೋ. ಮುಂದಿನ ಸಲ ಸುಗ್ಗಿ ಇಲ್ಲದಾಗ ಓಡು, ಮೂರು ದಿನದ ಸೂಟಿ ಮೊದಲ ಕೇಳು."

"ಆಗಸ್ಟ್‌ನ್ಯಾಗ ಹೈದರಾಬಾದಿಗೆ ಒಂದೈತ್ರಿ," ಎಂದ ಬಂದೇನವಾಜ, ತುಸು ಬೇಗನೇ.

"ಲೇ! ಇನ್ನ ಓಡಾಂಗಿಲ್ಲ ಅಂದಾಂವ ಇವನ ಏನು?" ಸಿದ್ದಲಿಂಗ ಮೇಲಿನಿಂದಲೇ ಕೇಳಿದ.

ಐದು ತಾಸಿನೊಳಗೆ ಮುಗಿಸಬೇಕೆಂಬುದು ಆಗಸ್ಟ್‌ನ ಗುರಿ. ಅದಕ್ಕೆ ಮೊದಲು ಬೇರೊಂದು ಇತ್ತು. ದಿನಾ ಸಂಜೆ ಕೆಲಸ ಮುಗಿದ ಮೇಲೆ ಬರಿಗೈಯಲ್ಲಿ ನಿಟ್ಟು ಏರಿ ಇಳಿಯುತ್ತಿದ್ದ, ಸಿದ್ದಲಿಂಗ ಎಣಿಸುತ್ತಿದ್ದ. ಮಂಗಳವಾರ, ಬುಧವಾರ ಕುಂಡೆಯ ಮೇಲೆಯೇ. ಶುಕ್ರವಾರ ಮುಖ ಮುಂದೆ ಮಾಡಿ, ನಿಂತು ಇಳಿದ.