ಹಿಡಿದುಕೊಟ್ಟನೋ, ಒಪ್ಪಿಸಿದನೋ

ಶಿವಾಜಿನಗರದ ಕೋರ್ಟಿನ ಹಿಂದಿನ ಗಲ್ಲಿಯಲ್ಲಿದ್ದ ಡಿಟಿಪಿ ಅಂಗಡಿಯಲ್ಲಿ ಮರಾಠಿಯವರ ನಡುವೆ ಕನ್ನಡ ಟೈಪು ಬರುತ್ತಿದ್ದವಳು ನಾನೊಬ್ಬಳೇ. ತೊಂಬತ್ತರ ದಶಕದ ನಡುವಿನ ಮಾತು. ಲಗ್ನಪತ್ರಿಕೆ, ಹೋಟೆಲಿನವರ ಪೂಜೆಯ ಆಮಂತ್ರಣ ಬಿಟ್ಟರೆ ನನಗೆ ಹೆಚ್ಚು ಕೆಲಸವಿರಲಿಲ್ಲ. ಹಾಗಾಗಿ ವಿಜಾಪುರ ಕಡೆಯ ಒಬ್ಬ ಹಿರಿಯರು ದೊಡ್ಡ ಕೈಬರಹದ ಕಟ್ಟು ತಂದು ಮೇಜಿನ ಮೇಲಿಟ್ಟಾಗ ಮಾಲೀಕನಿಗೆ ಖುಷಿಯಾಯಿತು. ನನಗೆ ಅನುಮಾನವಾಯಿತು.

ಅವರು ಪಾದ್ರಿಗಳಾಗುವವರಿಗೆ ಗ್ರೀಕ್ ಕಲಿಸಿ ನಿವೃತ್ತರಾದ ಮಾಸ್ತರು. ಬೈಬಲ್ಲನ್ನು ಮೂಲ ಗ್ರೀಕಿನಲ್ಲಿ ಓದುವ ಕನ್ನಡದ ವಿದ್ಯಾರ್ಥಿಗಳಿಗಾಗಿ ನಿಘಂಟು ಬರೆದಿದ್ದರು. ಅವರ ಪಂಗಡದ ಒಂದು ಸಮಿತಿ ಅಚ್ಚು ಹಾಕಿಸಲು ಒಪ್ಪಿತ್ತು. ದಿನಾ ಮಧ್ಯಾಹ್ನ ಬಂದು ನನ್ನ ಪಕ್ಕದಲ್ಲಿ ಕುಳಿತು ತಿದ್ದಿಸುತ್ತಿದ್ದರು.

"ಗ್ರೀಕ್ ಅಂತ ಶುರು ಮಾಡ್ತಾರ, ಆಮ್ಯಾಲೆ ಎಲ್ಲಿಗಿ ಒಯ್ತಾರ ಗೊತ್ತಾಗೂದಿಲ್ಲ. ಹುಷಾರಿರು" ಎಂದರು ನನ್ನ ಗಂಡ. ಅಂದಿನಿಂದ ಮಾಸ್ತರ ಪ್ರತಿ ಶಬ್ದದ ಹಿಂದೆಯೂ ಏನೋ ಅಡಗಿದೆ ಎಂದು ಹುಡುಕತೊಡಗಿದೆ. ಅವರು ಒಂದೇ ಒಂದು ಕ್ರಿಯಾಪದದ ಮೇಲೆ ಮೂರು ವಾರ ಕಳೆದಾಗ, ಇಲ್ಲಿಯೇ ಇದೆ ಅನ್ನಿಸಿತು.

ಆ ಪದ ಪರದಿದೋಮಿ.

"ದಿದೋಮಿ ಅಂದ್ರ ಕೊಡತೀನಿ. ಸಂಸ್ಕೃತದಾಗ ದದಾಮಿ ಅದ ಅಲ್ಲರಿ, ಅದರ ಒಡಹುಟ್ಟಿದ್ದು" ಎಂದು ವಿವರಿಸಿದ್ದರು. ಮನೆಯಲ್ಲಿ ಹೇಳಿದಾಗ ಗಂಡ ನಕ್ಕರು. "ನೋಡು, ನಮ್ಮ ಸಂಸ್ಕೃತದ ಜೋಡಿ ಬೀಗತನ ಹಚ್ಚಲಿಕ್ಕೆ ಹತ್ತ್ಯಾರ."

ಯೇಸುವಿನ ಶಿಷ್ಯನೊಬ್ಬ ಅವನನ್ನು ಶತ್ರುಗಳಿಗೆ ತೋರಿಸಿಕೊಟ್ಟ ಕಥೆಯಲ್ಲಿ ಬರುವುದು ಈ ಪದವೇ. ಕೈಬರಹದಲ್ಲಿ ಮೊದಲ ಅರ್ಥವಾಗಿ 'ಹಿಡಿದುಕೊಡು' ಎಂದಿತ್ತು. ಮಾಸ್ತರು ಅದನ್ನು ಹೊಡೆದು 'ಒಪ್ಪಿಸು' ಎಂದು ಬರೆಸಿದರು. ಹಿಡಿದುಕೊಡುವುದು ನಾಲ್ಕನೆಯ ಜಾಗಕ್ಕೆ ಹೋಯಿತು.

"ಯಾಕ್ರಿ?" ಎಂದೆ.

"ಶಿಷ್ಯ ಪುರೋಹಿತರಿಗೆ ಕೊಟ್ಟ, ಪುರೋಹಿತರು ಅಧಿಪತಿಗೆ ಕೊಟ್ರು, ಅಧಿಪತಿ ಸೈನಿಕರಿಗೆ ಕೊಟ್ಟ. ಮೂರೂ ಕಡೆ ಇದ ಪದ. ಗುರು ತಾ ಕಲಿತದ್ದನ್ನ ಶಿಷ್ಯರಿಗೆ ದಾಟಸ್ತಾನಲ್ಲ, ಅದಕ್ಕೂ ಇದ ಪದ. ನಾವು ಪಾಠಾ ಒಪ್ಪಸ್ತೀವಿ, ಲಗ್ನದಾಗ ಮಗಳನ್ನ ಒಪ್ಪಸ್ತೀವಿ, ಕಳ್ಳನ್ನ ಪೊಲೀಸರಿಗೆ ಒಪ್ಪಸ್ತೀವಿ. ಕನ್ನಡದಾಗ ಇಷ್ಟ ಛಲೋ ಪದ ಇರಬೇಕಾದ್ರ ಬ್ಯಾರೇದು ಯಾಕ?"

ಮಾತು ಸರಿಯಾಗಿತ್ತು. ಆದರೂ ಅಷ್ಟು ಸರಿಯಾಗಿ ವಾದಿಸುವವರ ಮೇಲೆ ನನಗೆ ನಂಬಿಕೆ ಹುಟ್ಟಲಿಲ್ಲ. ದ್ರೋಹದ ಮಾತನ್ನು ಮೆದುಗೊಳಿಸುವ ಹಟ ಯಾಕೆ? ಈ ಮನುಷ್ಯನೇ ಎಂದಾದರೂ ಯಾರನ್ನಾದರೂ ಹಿಡಿದುಕೊಟ್ಟಿರಬೇಕು ಎಂದುಕೊಂಡೆ.

ಅದೇ ವಾರ ಮಾಸ್ತರು ಬರುವ ಮೊದಲು ಸಫಾರಿ ತೊಟ್ಟ ಒಬ್ಬರು ಬಂದರು. ತಾವು ಸಮಿತಿಯವರೆಂದರು. "ಮಾಸ್ತರು ಮೂರು ವಾರದಿಂದ ಒಂದ ಪದ ಹಿಡ್ಕೊಂಡು ಕೂತಾರಂತಲ್ಲ, ಅದರ ಹಾಳಿ ಅಷ್ಟ ಕೊಡ್ರಿ. ಸುಮ್ನ ನೋಡ್ಲಿಕ್ಕೆ. ಮಾಸ್ತರಿಗೆ ಹೇಳೂದು ಬ್ಯಾಡ."

ಹೇಳಬೇಡ ಎಂದಾಗಲೇ ನಾನು ಎಚ್ಚರಗೊಳ್ಳಬೇಕಿತ್ತು. ಆದರೆ ತಿಳಿದವರೊಬ್ಬರು ಮಾಸ್ತರನ್ನು ಪರೀಕ್ಷಿಸಲಿ ಎಂಬ ಆಸೆ ನನಗೇ ಇತ್ತು. ಪ್ರಿಂಟ್ ತೆಗೆದು ಕೊಟ್ಟೆ.

ಎಂಟು ದಿನಗಳಲ್ಲಿ ಸಮಿತಿಯ ಪತ್ರ ಬಂತು. ದ್ರೋಹಿಯನ್ನು ನಿರಪರಾಧಿ ಮಾಡುವ ಪುಸ್ತಕವನ್ನು ಅಚ್ಚು ಹಾಕುವುದಿಲ್ಲ ಎಂದಿತ್ತು. ಮಾಸ್ತರು ಅದನ್ನು ನನ್ನೆದುರೇ ಮಡಚಿ ಕಿಸೆಗಿಟ್ಟರು.

"ಸಮಿತಿಗೆ ಯಾರು ಕೊಟ್ರು ಅಂತ ಗೊತ್ತದ. ನನ್ನ ಹಳೇ ಶಿಷ್ಯ. ಪದಾ ತಿದ್ದಿದ್ದು ಅವನೊಬ್ಬಗ ಹೇಳಿದ್ದೆ. ನಿನ್ನೆ ಮನಿಗೆ ಬಂದಿದ್ದ, ಬಾಗಲಾ ಹಾಕ್ದೆ."

ಕೊಟ್ಟವಳು ನಾನು ಎನ್ನದೆ ಮುಂದಿನ ಪದ ಟೈಪು ಮಾಡತೊಡಗಿದೆ. ಅವರು ಬೇಕೆಂದೇ ಹೀಗೆ ಹೇಳಿ ನನ್ನ ಮುಖ ನೋಡುತ್ತಿದ್ದಾರೆಯೇ ಎಂಬ ಸಂಶಯ ಬೇರೆ. ನಾಲ್ಕು ದಿನ ಅವರು ಬರಲಿಲ್ಲ. ಭಾನುವಾರ ಅವರ ಮನೆ ಹುಡುಕಿಕೊಂಡು ಹೋದೆ.

ಬಾಗಿಲಲ್ಲೇ ನಿಂತು ಹೇಳಿಬಿಟ್ಟೆ. "ಹಾಳಿ ಕೊಟ್ಟಾಕಿ ನಾನ್ರಿ. ನಿಮ್ಮ ಶಿಷ್ಯ ಅಲ್ಲ."

ಮಾಸ್ತರು ಕೇಳಿದ್ದು ಒಂದೇ. "ಕೊಡುವಾಗ ಮನಸ್ಸಿನ್ಯಾಗ ಏನಿತ್ತು?"

"ನಿಮ್ಮ ಮ್ಯಾಲೆ ಸಂಶಯ ಇತ್ತ್ರಿ."

"ಆ ಕ್ರಿಯಾಪದ ಕೈಯಷ್ಟ ನೋಡ್ತದ. ಮನಸ್ಸು ನೋಡೂದಿಲ್ಲ. ಮನಸ್ಸಿಂದು ಓದಾವ್ರು ತಿಳ್ಕೋಬೇಕು. ಯೇಸುವಿನ ಆ ಶಿಷ್ಯನ್ನ ಬಿಡಿಸ್ಲಿಕ್ಕೆ ನಾ ಹಂಗ ಬರದಿಲ್ಲ" ಎಂದರು. ಸಿಟ್ಟಾಗಲಿಲ್ಲ, ಒಳಗೂ ಕರೆಯಲಿಲ್ಲ. ಚಪ್ಪಲಿ ಮೆಟ್ಟಿ, ನನ್ನನ್ನು ದಾಟಿಕೊಂಡು ತಮ್ಮ ಹಳೇ ಶಿಷ್ಯನ ಮನೆಯ ಕಡೆ ನಡೆದರು. ಎಪ್ಪತ್ತು ದಾಟಿದವರು ಬಿಸಿಲಲ್ಲಿ ಅಷ್ಟು ಬೇಗ ನಡೆಯುವುದನ್ನು ನಾನು ನೋಡಿರಲಿಲ್ಲ.

ಮರುದಿನ ಎಂದಿನಂತೆ ಅಂಗಡಿಗೆ ಬಂದರು. ಸಮಿತಿ ಕೈಬಿಟ್ಟಿದ್ದರೂ ಉಳಿದ ಕೆಲಸ ನನ್ನಿಂದಲೇ ಮುಗಿಸಿಕೊಂಡರು, ಆ ವಿಷಯ ಎತ್ತಲಿಲ್ಲ. ಆದರೆ ಅಂದಿನಿಂದ ಹೊರಡುವಾಗ ಪ್ರಿಂಟಾದ ಹಾಳೆಗಳನ್ನು ಎಣಿಸಿ, ಫ್ಲಾಪಿ ಕೇಳಿ ಪಡೆದು ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಹಾಳಾದ ಪ್ರತಿಯನ್ನೂ ಬಿಡುತ್ತಿರಲಿಲ್ಲ. ಕ್ಷಮಿಸಿದವರು ಹೀಗೆ ಎಣಿಸುತ್ತಾರೆಯೇ ಎಂದು ಮೊದಮೊದಲು ನೋವಾಗುತ್ತಿತ್ತು. ಆಮೇಲೆ ನಾನೇ ಎಣಿಸಿ ಕೊಡತೊಡಗಿದೆ.

ಸಮಿತಿ ಮನಸ್ಸು ಬದಲಿಸಲಿಲ್ಲ. ಎರಡು ಸಾವಿರದ ಇಸವಿಯ ಆಚೆ, ನಾವು ಊರಂಚಿನ ವಾಕಡಕ್ಕೆ ಮನೆ ಬದಲಿಸಿದ ಮೇಲೆ, ಆ ಶಿಷ್ಯ ಒಂದು ದಿನ ಬಂದರು. ಮಾಸ್ತರು ತೀರಿಕೊಂಡಿದ್ದರು. ನಿಘಂಟನ್ನು ಇವರೇ ಜೆರಾಕ್ಸ್ ಮಾಡಿಸಿ, ತಾವು ಕಲಿಸುವ ತರಗತಿಯಲ್ಲಿ ಹಂಚಿದ್ದರು. ಒಂದು ಪ್ರತಿ ನನಗೆ ಕೊಟ್ಟರು.

ಅವರು ಹೋದ ಮೇಲೆ ಗಂಡ ಆ ಪುಟ ತೆಗೆದು ಓದಿದರು. 'ಒಪ್ಪಿಸು' ಮೊದಲಿತ್ತು, 'ಹಿಡಿದುಕೊಡು' ನಾಲ್ಕನೆಯದು.

"ಇಷ್ಟಕ್ಕ ಪುಸ್ತಕ ನಿಂತಿತ್ತೇನು? ಸಮಿತಿಗೆ ಯಾರು ಹೇಳಿದ್ರಂತ?"

"ಯಾರೋ ಒಬ್ಬರು" ಎಂದು ಚಹಾ ಇಡಲು ಎದ್ದೆ. ನಾನೇ ಎಂದು ಇವತ್ತಿಗೂ ಅವರಿಗೆ ಹೇಳಿಲ್ಲ.