ಒಂದು ಮಡಿಲು ಬೆರಕೆ ಸೊಪ್ಪು

ಚಿಟ್. ಎಳೆಯ ಕಾಂಡವನ್ನು ಉಗುರಿನಲ್ಲಿ ಚಿವುಟಿದಾಗ ಆಗುವ ಆ ಸದ್ದನ್ನು ನಾನು ಮೊದಲು ಕೇಳಿದ್ದು ಮದುವೆಯಾದ ಹೊಸತರಲ್ಲಿ, ಗಂಡನ ಊರಿನ ರಾಗಿ ಹೊಲದಲ್ಲಿ. ಕಾನ್ವೆಂಟಿನಲ್ಲಿ ಬಾಟನಿ ಓದಿ ಬಂದಿದ್ದ ನನಗೆ ನಾದಿನಿ ಜಯಮ್ಮ ಕಲಿಸಿದ್ದು ಅದೊಂದೇ ಪಾಠ: ಚಿಟ್ ಅಂದರೆ ಎಳೆಯದು, ಮಡಿಲಿಗೆ ಹಾಕು; ಸದ್ದಿಲ್ಲದೆ ಬಗ್ಗಿದರೆ ಬಲಿತಿದೆ, ಬಿಡು.

ಹೋದ ಮಳೆಗಾಲದಲ್ಲಿ ಅವಳೇ ಫೋನ್ ಮಾಡಿದಳು. "ಅತ್ಗೆ, ನಂಗೆ ಕಣ್ಣು ಮಂಜಾಗೈತೆ. ಹೋದ್ಸಲ ಸೊಪ್ಪಲ್ಲಿ ಒಂದು ಉಮ್ಮತ್ತಿ ಎಲೆ ಬಂದ್ಬಿಡ್ತು, ವಿಷದ್ದು. ಅವತ್ತಿಂದ ಸೊಸೆ ಹೊಲಕ್ಕೇ ಬಿಡ್ತಿಲ್ಲ. ನೀನು ಬಾ, ಕಣ್ಣು ನಿಂದು, ಉಗುರು ನಂದು."

ಯಲಹಂಕದಲ್ಲಿ ದೊಡ್ಡಬಳ್ಳಾಪುರದ ಬಸ್ಸು ಹತ್ತಿದೆ. ಆಧಾರ್ ನೋಡಿ ಕಂಡಕ್ಟರ್ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟ. ಬಾಶೆಟ್ಟಿಹಳ್ಳಿಯಲ್ಲಿ ಶಿಫ್ಟ್ ಮುಗಿಸಿದ ಹುಡುಗಿಯರು ನುಗ್ಗಿದರು; ಬಸ್ಸೆಲ್ಲ ನಗು. ದೊಡ್ಡಬಳ್ಳಾಪುರದಲ್ಲಿ ಇಳಿದು, ತಟ್ಟೆ ಇಡ್ಲಿ ತಿಂದು, ಆಟೋದಲ್ಲಿ ಊರು ಸೇರಿದೆ. ರಾತ್ರಿಯ ಮಳೆಗೆ ನೆಲ ಮೆತ್ತಗಾಗಿತ್ತು. ಲವ್ಲೀ ವೆದರ್.

ಬಾಗಿಲಲ್ಲೇ ಸೊಸೆ ಸುಧಾ ಸಿಕ್ಕಳು. ಗಾರ್ಮೆಂಟ್ಸ್‌ನಲ್ಲಿ ಕೆಲಸ, ಮೆಷಿನ್‌ಗಳ ನಡುವೆ ಕೂಗಿ ಕೂಗಿ ದನಿ ಜೋರು. "ಬೆಂಗಳೂರತ್ತೆ, ಕರ್ಕೊಂಡೋಗಿ. ಬಂದ್ಮೇಲೆ ಮೊರಕ್ಕೆ ಹಾಕಿ ನಾನೇ ನೋಡ್ತೀನಿ. ಒಂದು ಎಲೆ ತಪ್ಪಿದ್ರೂ ಇದೇ ಕೊನೆ, ಆಮೇಲೆ ನನ್ನ ಕೇಳ್ಬೇಡಿ."

"ಬಂದ್ರು ನೋಡು ಇನ್ಸ್‌ಪೆಕ್ಟ್ರು!" ಎಂದು ಜಯಮ್ಮ ನಕ್ಕಳು. ಆದರೆ ನನ್ನ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು.

ಸೊಪ್ಪಿಗೆ ಬಂದ ಹೆಂಗಸರನ್ನು ಇಲ್ಲಿ ಯಾರೂ 'ಇದು ಯಾರ ಹೊಲ' ಎಂದು ತಡೆಯುವುದಿಲ್ಲ. ನಾನು ಗಿಡ ತೋರಿಸಿದೆ, ಅವಳು ಚಿವುಟಿದಳು. ಅಣ್ಣೆ, ಗೋಣಿ, ಕನ್ನೆ, ಕಾಶಿ ಸೊಪ್ಪು ಎಲ್ಲವೂ ನನ್ನ ಮಡಿಲಲ್ಲಿ ಬೆರೆತವು. ಅನುಮಾನ ಬಂದದ್ದನ್ನು ಮೂಗಿಗೆ ಹಿಡಿಯುತ್ತಿದ್ದಳು.

"ಥೂ, ಇದನ್ನ ದನಾನೂ ಮೂಸಲ್ಲ. ನಿನ್ ಬಾಟ್ನಿ ಎಲ್ಲೋಯ್ತು ಅತ್ಗೆ?"

ಒಮ್ಮೆ ಬಗ್ಗಿ ಎದ್ದಾಗ ನನಗೆ ಲೋಕವೇ ಸೈಲೆಂಟ್ ಆಯಿತು. ಹಿಯರಿಂಗ್ ಏಡಿನ ಬ್ಯಾಟರಿ ಮುಗಿದಿರಬೇಕು ಎಂದುಕೊಂಡೆ. ಆಮೇಲೆ ಚಿಟ್ ಕೇಳಿಸಲಿಲ್ಲ. ಅವಳ ಮುಖ ನೋಡಿಕೊಂಡೇ ಮಡಿಲು ಒಡ್ಡಿದೆ.

ಮನೆಯಲ್ಲಿ ಸುಧಾ ಮೊರದ ತುಂಬ ಸೊಪ್ಪು ಹರಡಿ ಒಂದೊಂದೇ ಎಲೆ ತಿರುವಿದಳು. ಜಯಮ್ಮ ಗೋಡೆಗೊರಗಿ ಕೂತಿದ್ದಳು. ಸುಧಾಳ ಕೈ ಥಟ್ಟನೆ ನಿಂತಿತು.

"ಬೆಂಗಳೂರತ್ತೆ, ಇದ್ಯಾವ ಕಾಯಿ?"

ಅವಳ ಬೆರಳ ತುದಿಯಲ್ಲಿ ನನ್ನ ಹಿಯರಿಂಗ್ ಏಡ್! ಒರೆಸಿ ಕಿವಿಗೆ ಸಿಕ್ಕಿಸಿಕೊಳ್ಳುವಷ್ಟರಲ್ಲಿ ಜಯಮ್ಮ ಗದರುತ್ತಿದ್ದಳು: "ಕಾಯಿ ಕತೆ ಬಿಡು. ಎಲೆ ತಪ್ಪೈತಾ, ಅದು ಹೇಳು!"

"ಎಲೆ ಎಲ್ಲಾ ಸರಿಯಾಗವೆ ಕಣತ್ತೆ."

"ಮತ್ತೇನ್ ನೋಡ್ತೀಯ? ಬೇಳೆಗಿಕ್ಕು."

ಸುಧಾ ಬಿದ್ದು ಬಿದ್ದು ನಕ್ಕಳು. "ನಾಳೆ ಭಾನುವಾರ, ನಂಗೆ ರಜಾ. ನಾನೇ ಕರ್ಕೊಂಡೋಗ್ತೀನಿ. ನಂಗೂ ತೋರ್ಸ್ಕೊಡಿ."

ಬಸ್ಸಾರಿನ ಜೊತೆ ಮುದ್ದೆ ಉಂಡೆ. ಸಕ್ಕರೆ ಕಾಯಿಲೆಯವಳು ನಾನು, ಆದರೂ ಎರಡನೆಯದಕ್ಕೆ ನೋ ಅನ್ನಲಿಲ್ಲ.

ಮರುದಿನ ಬೆಳಗ್ಗೆ ಆಟೋ ಹೊರಟಾಗ ತಿರುಗಿ ನೋಡಿದೆ. ಬದುವಿನ ಮೇಲೆ ಸುಧಾ ಬೆರಳು ತೋರಿಸುತ್ತಿದ್ದಳು. ಜಯಮ್ಮ ಚಿವುಟಿ ಚಿವುಟಿ ಅವಳ ದುಪಟ್ಟಾದೊಳಗೆ ಹಾಕುತ್ತಿದ್ದಳು. "ಬರ್ತೀನೇ!" ಎಂದು ಕೂಗಿದೆ. ಅವಳು ತಿರುಗಲಿಲ್ಲ, ಬಗ್ಗಿದಲ್ಲಿಂದಲೇ ಸೊಪ್ಪು ಹಿಡಿದ ಕೈ ಮೇಲೆತ್ತಿ ಆಡಿಸಿದಳು. ನಾನು ಜಯಮ್ಮನನ್ನು ಕೊನೆಯ ಸಲ ನೋಡಿದ್ದು ಹಾಗೆ.